ಗೆದ್ದ ಕಾರಿಗೆ ಏಳುನೂರು ಡಾಲರ್

ಟೋಲ್ಮನ್, ಅಯೋವಾ
ಸೆಪ್ಟೆಂಬರ್ 16, 2012, ಭಾನುವಾರ

ಮಗ ವೆಂಡೆಲ್‌ಗೆ,

ಮೊದಲು ಲೆಕ್ಕ ಕೇಳು, ಪ್ರೀತಿ ಏನಾದರೂ ಮಿಕ್ಕಿದ್ದರೆ ಆಮೇಲೆ ನೋಡೋಣ. ಕ್ಯಾವಲಿಯರ್ ಕಾರು ನನ್ನ ಗುಜರಿ ಅಂಗಳದ್ದು, ಆಲಿಕಲ್ಲಿನ ಏಟಿಗೆ ಸಿಕ್ಕಿ ಹಳೆಯ ಮಾಲೀಕ ಕೈಬಿಟ್ಟದ್ದು. ಮಗನ ಮನೆಗೆ ಹೋಗುವುದೆಂದು ಅದಕ್ಕೆ ಬೆಲೆ ಕಟ್ಟಲಿಲ್ಲ. ಮಗುಚಿದರೆ ತಲೆ ಉಳಿಯಲೆಂದು ಒಳಗೆ ಕೂರಿಸಿದ ಕಬ್ಬಿಣದ ಪಂಜರಕ್ಕೆ ಪೈಪು, ಬೆಸುಗೆ ಸೇರಿ ಮುನ್ನೂರ ನಲವತ್ತು ಡಾಲರ್. ಸೀಟು, ಬೆಲ್ಟಿಗೆ ಇನ್ನೂರ ಹತ್ತು. ಈ ಬೇಸಿಗೆಯ ಎಣ್ಣೆ, ಪೆಟ್ರೋಲು, ಓಟದ ಪ್ರವೇಶ ಶುಲ್ಕ ಎಲ್ಲ ಸೇರಿ ಆರುನೂರ ಎಪ್ಪತ್ತು, ಅದು ನಿನ್ನ ಹೆಂಡತಿ ಟ್ರೂಡಿ ಶಾಲೆಯ ಬಸ್ಸು ಓಡಿಸಿ ತಂದ ಸಂಬಳದಲ್ಲಿ ಹೋದದ್ದು. ಇದರ ಮೇಲೆ ನೀನು ಉತ್ತರ ಡಕೋಟಾದಿಂದ ಕಳಿಸಿದ ಎಂಟುನೂರು: ಏಳುನೂರು ಕಾರಿಗೆ, ನೂರು ನಿಮ್ಮ ಜೊತೆ ಓಟಕ್ಕೆ ಬರುವ ಗೇಲನ್ ಸ್ಟಾನೆಕ್‌ನ ಬಾಯಿಗೆ ಬೀಗ ಹಾಕುವುದಕ್ಕೆ. ಹೌದು, ನನಗೆ ಗೊತ್ತಾಗಿದೆ. ಆ ಬೀಗ ಮಂಗಳವಾರ ದಾಟಲಿಲ್ಲ. ಹೆಂಡತಿಗೆ ಕಾರು ಕೊಡಿಸಿದ ಗಂಡಂದಿರನ್ನು ನೋಡಿದ್ದೇನೆ, ಹೆಂಡತಿಯ ಕಾರು ಮಾರಿ ಕುಡಿದವರನ್ನೂ ನೋಡಿದ್ದೇನೆ. ಹೆಂಡತಿ ಗೆದ್ದ ಕಾರನ್ನು ಅವಳ ಕೈಯಿಂದ ತಪ್ಪಿಸುವುದಕ್ಕೆ ಬೇರೆಯವನಿಗೆ ದುಡ್ಡು ಕಳಿಸಿದವನು ನನ್ನ ಅರವತ್ತಾರು ವರ್ಷದಲ್ಲಿ ನೀನೊಬ್ಬನೇ, ಅವನು ನನ್ನ ಹೊಟ್ಟೆಯಲ್ಲೇ ಹುಟ್ಟಬೇಕೇ?

ಇರಲಿ. ಹೇಗಿದ್ದೀಯ? ಸೊಂಟದ ನೋವು ಮತ್ತೆ ಬಂದಿದೆಯೆಂದು ಜುಲೈನಲ್ಲಿ ಹೇಳಿದ್ದೆ. ಎಣ್ಣೆ ಬಾವಿಯ ಕ್ಯಾಂಪಿನಲ್ಲಿ ಬೆಳಿಗ್ಗೆ, ಸಂಜೆ ಬರೀ ಮಾಂಸ, ಆಲೂಗಡ್ಡೆ ತಿಂದರೆ ಸೊಂಟ ಇನ್ನೇನು ಮಾಡೀತು? ಅಲ್ಲಿ ಈಗಾಗಲೇ ಬೆಳಗಿನ ಹೊತ್ತು ನೀರು ಹೆಪ್ಪುಗಟ್ಟುತ್ತಿರಬೇಕು. ನಿನಗೆಂದು ಉಣ್ಣೆಯ ಒಳಉಡುಪು ಎರಡು ಜೊತೆ ಕೊಂಡು ಪೊಟ್ಟಣ ಕಟ್ಟಿಟ್ಟಿದ್ದೆ. ಮಂಗಳವಾರ ಸಂಜೆ ಪೊಟ್ಟಣ ಬಿಚ್ಚಿ ಬೀರುವಿನೊಳಗೆ ಹಾಕಿದೆ. ಸಿಟ್ಟು ಇಳಿದರೆ ಕಳಿಸುತ್ತೇನೆ. ಸದ್ಯಕ್ಕೆ ಇಳಿಯುವ ಲಕ್ಷಣ ಕಾಣಿಸುತ್ತಿಲ್ಲ, ಇರುವುದನ್ನೇ ಎರಡೆರಡು ಹಾಕಿಕೋ. ನನ್ನ ಮಂಡಿ ಹಾಗೇ ಇದೆ. ಫೋನ್ ಮಾಡಿ ಮಾಡಿ ಬೆರಳೂ ನೋಯುತ್ತಿದೆ. ನನ್ನ ನಂಬರು ಕಂಡರೆ ನೀನು ಎತ್ತುವುದಿಲ್ಲ ಎಂದು ಗೊತ್ತಾದ ಮೇಲೆ ಕಾಗದ ತೆಗೆದೆ. ಕಾಗದಕ್ಕೆ ಕರೆ ಕತ್ತರಿಸುವ ಗುಂಡಿ ಇಲ್ಲ.

ಮೂರು ವರ್ಷ ಆ ಕಾರು ನಿನ್ನ ಕೈಯಲ್ಲಿತ್ತು, ಮೂರು ವರ್ಷವೂ ನಾನು ಆ ಮಣ್ಣಿನ ಟ್ರ್ಯಾಕಿನ ಮರದ ಮೆಟ್ಟಿಲ ಮೇಲೆ ಕಂಬಳಿ ಹೊದ್ದು ಕೂತು ನೋಡಿದ್ದೇನೆ. ನೀನು ಓಡಿಸುವ ರೀತಿ ಒಂದೇ. ನೇರ ದಾರಿಯಲ್ಲಿ ಕಾಲು ತಳಕ್ಕೆ ತಾಗುವಷ್ಟು ಒತ್ತುವುದು, ತಿರುವು ಬಂದಾಗ ಬ್ರೇಕಿನ ಮೇಲೆ ಎದ್ದು ನಿಲ್ಲುವುದು, ಮೂಗು ಹೊರಗೋಡೆಯ ಕಡೆಗೆ ಜಾರಿದರೆ ಕಾರಿಗೆ ಬೈಯುವುದು. ನಿನಗೆ ಬಂದ ಅತಿ ದೊಡ್ಡ ಸ್ಥಾನ ನಾಲ್ಕನೆಯದು, ಅದೂ ಮುಂದಿದ್ದ ಇಬ್ಬರು ಒಬ್ಬರಿಗೊಬ್ಬರು ಗುದ್ದಿಕೊಂಡು ನಿಂತ ದಿನ. ಫೆಬ್ರುವರಿಯಲ್ಲಿ ಬ್ಯಾಗು ಕಟ್ಟಿಕೊಂಡು ಹೊರಟಾಗ "ಕಾರು ಷೆಡ್ಡಲ್ಲಿ ಸುಮ್ನೆ ನಿಂತಿರುತ್ತೆ, ಬೇಕಾದ್ರೆ ನೀನು ಆಟ ಆಡ್ಕೋ" ಎಂದು ಟ್ರೂಡಿಗೆ ಹೇಳಿದವನು ನೀನೇ. ನಾನು ಒಲೆಯ ಹತ್ತಿರ ಇದ್ದೆ, ನನ್ನ ಕಿವಿ ನೆಟ್ಟಗಿತ್ತು. ಅವಳು ಆಡಿಕೊಂಡಳು. ಅದೇ ನಿನಗೆ ತಡೆಯಲಾಗಲಿಲ್ಲ.

ಅವಳು ಮೊದಲು ಮಾಡಿದ ಕೆಲಸ ಏನು ಗೊತ್ತೇ? ನನ್ನ ಅಂಗಳದಲ್ಲಿ ರಾಶಿ ಬಿದ್ದಿರುವ ಹಳೆಯ ಟೈರುಗಳನ್ನು ಹೊಲಿಗೆಯ ಟೇಪು ಹಿಡಿದು ಒಂದೊಂದಾಗಿ ಅಳೆದದ್ದು. ನಾಲ್ಕೂ ಟೈರಿನ ಪಕ್ಕದಲ್ಲಿ ಅಚ್ಚಾದ ಅಳತೆಯ ಸಂಖ್ಯೆ ಒಂದೇ ಇರಬೇಕು ಎನ್ನುತ್ತದೆ ಕ್ಲಬ್ಬು, ಸುತ್ತಳತೆ ಒಂದೇ ಇರಬೇಕೆಂದು ಎಲ್ಲೂ ಹೇಳಿಲ್ಲ. ಸವೆದದ್ದಕ್ಕೂ ಸವೆಯದ್ದಕ್ಕೂ, ಈ ಕಂಪನಿಯದಕ್ಕೂ ಆ ಕಂಪನಿಯದಕ್ಕೂ ಒಂದು ಇಂಚಿಗಿಂತ ಹೆಚ್ಚೇ ವ್ಯತ್ಯಾಸ ಸಿಕ್ಕಿತು. ಚಿಕ್ಕವನ್ನು ಮುಂದೆ ಹಾಕಿದಳು. ಕಾರನ್ನು ಎಳೆಯುವ ಚಕ್ರ ಚಿಕ್ಕದಾದಷ್ಟೂ ತಿರುವಿನಿಂದ ಹೊರಬರುವಾಗ ಎಂಜಿನ್ ಬೇಗ ಎದ್ದೇಳುತ್ತದಂತೆ, ಎದ್ದಿತು. ಹಿಂದಿನ ಟೈರುಗಳಿಗೆ ಗಾಳಿ ತುಂಬಿ ಕಲ್ಲು ಮಾಡಿದಳು, ಬಾಲ ಸ್ವಲ್ಪ ಜಾರಿದರೆ ಮೂಗು ತಾನಾಗಿ ಎಡಕ್ಕೆ ತಿರುಗುತ್ತದೆ, ನಮ್ಮ ಟ್ರ್ಯಾಕಿನ ತಿರುವೆಲ್ಲ ಎಡಕ್ಕೇ ಎಂದು. ತಿರುವಿನಲ್ಲಿ ಹಿಡಿತ ಸಿಗಲೆಂದು ಬಲ ಮುಂಚಕ್ರದ ಬೋಲ್ಟು ಸಡಿಲಿಸಿ, ಅಲ್ಲಿ ಮೊದಲಿನಿಂದಲೂ ಇರುವ ಸಂದಿನಷ್ಟೇ ಚಕ್ರದ ತಲೆಯನ್ನು ಒಳಕ್ಕೆ ಒರಗಿಸಿ ಮತ್ತೆ ಬಿಗಿ ಮಾಡಿದೆವು. ಒಂದು ತೂತು ಕೊರೆಯಲಿಲ್ಲ, ಒಂದು ಹೊಸ ಬಿಡಿಭಾಗ ತರಲಿಲ್ಲ. ತಪಾಸಣೆ ಮಾಡುವ ಮೆರ್ಲ್ ಮಂಡಿಯೂರಿ ಕೂತು ಟಾರ್ಚು ಬಿಟ್ಟು ನೋಡಿ, ಎದ್ದು ಪ್ಯಾಂಟು ಕೊಡವಿಕೊಂಡು, "ಕಾರ್ಖಾನೆಯಿಂದ ಬಂದ ಹಾಗೇ ಇದೆಯಲ್ಲಮ್ಮ, ನನಗೆ ಸಿಟ್ಟು ಬರ್ತಿದೆ" ಎಂದ. ಮಿಕ್ಕದ್ದು ತೂಕದ ಮಾತು. ನೀನು ಇನ್ನೂರ ಅರವತ್ತು ಪೌಂಡು, ಅವಳು ನೂರ ಮೂವತ್ತು. ಬೇಜಾರು ಮಾಡಿಕೊಳ್ಳಬೇಡ, ತಕ್ಕಡಿಗೆ ಹೆತ್ತ ಕರುಳಿಲ್ಲ.

ಆದರೆ ದೊಡ್ಡ ವೇಗ ಇದ್ದದ್ದು ಅವಳ ಕಾಲಿನಲ್ಲಿ. ಮೇ ತಿಂಗಳಲ್ಲಿ ಒಮ್ಮೆ ಅವಳನ್ನು ಕೇಳಿದೆ, ತಿರುವಿನಲ್ಲಿ ನಿನ್ನ ಬ್ರೇಕಿನ ದೀಪ ಹತ್ತುವುದೇ ಕಾಣುವುದಿಲ್ಲವಲ್ಲ, ದೀಪ ಕೆಟ್ಟಿದೆಯೇ ಎಂದು. ನಕ್ಕಳು. "ಹದಿನಾಲ್ಕು ವರ್ಷ ಬಸ್ ಓಡಿಸಿದೀನಿ ಅತ್ತೆ. ಬ್ರೇಕ್ ತುಳಿದ್ರೆ ಹಿಂದಿರೋ ಮಕ್ಳೆಲ್ಲ ಮುಂದಿನ ಸೀಟಿಗೆ ಹಲ್ಲು ಹೊಡ್ಕೋತಾವೆ. ತಿರುವಿಗೆ ಮೊದ್ಲೇ ಕಾಲು ತೆಗೀಬೇಕು, ಆಮೇಲೆ ಸುಮ್ನಿರಬೇಕು. ಗಾಡಿ ತಾನೇ ತಿರುಗುತ್ತೆ" ಎಂದಳು. ಕಾಲು ಬೇಗ ತೆಗೆದವಳು ಬೇಗ ಒತ್ತುತ್ತಾಳೆ. ಉಳಿದವರು ಇನ್ನೂ ಸ್ಟಿಯರಿಂಗ್ ಜೊತೆ ಗುದ್ದಾಡುತ್ತಿರುವಾಗ ಇವಳು ನೇರ ದಾರಿಯ ಅರ್ಧಕ್ಕೆ ಹೋಗಿರುತ್ತಾಳೆ. ಆ ಟ್ರ್ಯಾಕಿನ ಸುತ್ತ ನಲವತ್ತು ವರ್ಷದಿಂದ ಕಿರುಚಿಕೊಂಡವಳು ನಾನು, ನನಗೇ ಅದು ಹೊಸದು.

ಜೂನ್‌ನಲ್ಲಿ ಮೊದಲ ಸಲ ಗೆದ್ದಳು. ಆ ಸಂಜೆ ನಿನಗೆ ಫೋನ್ ಮಾಡುವಾಗ ಅವಳ ಮುಖದ ತುಂಬ ಮಣ್ಣು, ಕಣ್ಣಿನ ಸುತ್ತ ಮಾತ್ರ ಎರಡು ಬಿಳಿ ಉಂಗುರ. ಸ್ಪೀಕರ್ ಹಾಕಿದ್ದಳು, ನಾನೂ ಕೇಳಲಿ ಎಂದು. ನೀನು ಏನು ಕೇಳಿದೆ ನೆನಪಿದೆಯೇ? "ಎಷ್ಟು ಕಾರ್ ಬಂದಿದ್ವು?" ಹೆಂಡತಿ ಗೆದ್ದೆ ಎನ್ನುತ್ತಾಳೆ, ಗಂಡ ತಲೆ ಎಣಿಸುತ್ತಾನೆ. ಎರಡನೆಯ ಸಲ ಗೆದ್ದಾಗ "ಟ್ರ್ಯಾಕ್ ಒಣಗಿತ್ತೇನೋ, ಒಣಗಿದ್ರೆ ಯಾರು ಬೇಕಾದ್ರೂ ಓಡಿಸ್ತಾರೆ" ಎಂದೆ. ಮೂರನೆಯದಕ್ಕೆ ಬೆಳಿಗ್ಗೆ ಬೇಗ ಏಳಬೇಕು ಎಂದು ಇಟ್ಟುಬಿಟ್ಟೆ. ಅವಳು ಸ್ಪೀಕರ್ ಹಾಕುವುದನ್ನು ನಿಲ್ಲಿಸಿದಳು. ನಾನು ಆಗಲೇ ಬಾಯಿ ಬಿಡಬೇಕಿತ್ತೆಂದು ನಿನ್ನ ತಂಗಿ ಹೇಳುತ್ತಾಳೆ. ಅವಳ ಮಾತು ಬಿಡು, ಅವಳು ಯಾವಾಗಲೂ ನನಗೇ ಹೇಳುವುದು.

ಈಗ ಆ ಏಳುನೂರು ಡಾಲರಿನ ನಿಯಮದ ವಿಷಯ. ಕಾರು ಕೇಳುವ ನಿಯಮವನ್ನು ಹಳಬರು ಯಾಕೆ ಇಟ್ಟರೆಂದು ನಿನಗೆ ನೆನಪಿಸಬೇಕಾಗಿ ಬಂದದ್ದು ನನ್ನ ಹಣೆಬರಹ. ನಮ್ಮದು ಬಡವರ ಓಟ. ಯಾರೋ ಒಬ್ಬ ಐದು ಸಾವಿರ ಸುರಿದು ಎಂಜಿನ್ ತಂದರೆ ಉಳಿದವರು ಮನೆಯಲ್ಲಿ ಕೂರಬೇಕಾದೀತು. ಅದಕ್ಕೆ ಗೆದ್ದವನ ಕಾರನ್ನು, ಜೊತೆಯಲ್ಲಿ ಓಡಿ ಮುಗಿಸಿದ ಯಾರು ಬೇಕಾದರೂ ಏಳುನೂರು ಡಾಲರ್ ಮುಂದಿಟ್ಟು ಕೇಳಬಹುದು, ಗೆದ್ದವನು ಇಲ್ಲ ಎನ್ನುವಂತಿಲ್ಲ. ಇಲ್ಲ ಎಂದರೆ ಆ ದಿನದ ಗೆಲುವೂ ಹೋಯಿತು, ವರ್ಷದ ಅಂಕವೂ ಹೋಯಿತು. ಕಳೆದುಕೊಳ್ಳಲು ಹೊಟ್ಟೆ ಉರಿಯುವಷ್ಟು ದುಡ್ಡನ್ನು ಯಾರೂ ಕಾರಿಗೆ ಹಾಕಬಾರದು, ಅಷ್ಟೇ ಅದರ ತಾತ್ಪರ್ಯ. ಇಪ್ಪತ್ತು ಡಾಲರಿನ ಹಳೇ ಟೈರು ಹಾಕಿದ ಹೆಂಗಸನ್ನು ಟ್ರ್ಯಾಕಿನಿಂದ ಓಡಿಸುವುದಕ್ಕೆ ಮಾಡಿದ್ದಲ್ಲ.

ನಿನಗೆ ಗೊತ್ತಿಲ್ಲದ ಸಂಗತಿ ಒಂದಿದೆ, ಅದನ್ನು ಹೇಳುವಾಗ ನನ್ನ ಬಾಯಿ ಸಿಹಿಯಾಗುತ್ತದೆ. ಹೋದ ವರ್ಷ ಕೆಲವರು ಬರೀ ಹಗೆಗೆ ಗೆದ್ದವರ ಕಾರು ಕೇಳಿ ಹಿತ್ತಲಲ್ಲಿ ತುಕ್ಕು ಹಿಡಿಸಿದರು ತಾನೇ? ಅದಕ್ಕೆ ಏಪ್ರಿಲ್‌ನಲ್ಲಿ, ಮಾಜಿ ಯೋಧರ ಸಭಾಂಗಣದಲ್ಲಿ ಕ್ಲಬ್ಬಿನ ಸಭೆ ಸೇರಿದಾಗ ನಾನು ಎದ್ದು ನಿಂತೆ. "ಇನ್ನೊಬ್ರ ಕಾರು ಬೇಕು ಅನ್ನೋನು ದುಡ್ಡಿನ ಜೊತೆ ತಾನು ಓಡ್ಸಿದ ಕಾರನ್ನೂ ಬಿಟ್ಟು ಹೋಗ್ಲಿ. ಗೆದ್ದೋರು ನಡ್ಕೊಂಡು ಮನೆಗೆ ಹೋಗೋದು ಯಾವ ಊರಿನ ನ್ಯಾಯ?" ಎಂದೆ. ಮೆರ್ಲ್ ಕೈ ಎತ್ತಿಸಿದ, ಎಲ್ಲರ ಕೈಯೂ ಮೇಲೆ ಹೋಯಿತು, ಅರ್ಧ ನನ್ನ ಮಾತಿಗೆ, ಅರ್ಧ ಸಭೆ ಬೇಗ ಮುಗಿದರೆ ಊಟ ಎಂದು. ನೀನು ಆಗ ಡಕೋಟಾದಲ್ಲಿದ್ದೆ. ಗೇಲನ್ ಮೀನು ಹಿಡಿಯಲು ಹೋಗಿದ್ದ. ಇಬ್ಬರೂ ಹಳೆಯ ನಿಯಮವನ್ನೇ ತಲೆಯಲ್ಲಿಟ್ಟುಕೊಂಡು ಸಂಚು ಮಾಡಿದಿರಿ.

ಹೋದ ಶನಿವಾರ, ಎಂಟನೇ ತಾರೀಖು, ಟ್ರೂಡಿ ನಾಲ್ಕನೆಯ ಸಲ ಗೆದ್ದಳು. ಉಳಿದದ್ದು ಒಂದೇ ಓಟ, ಅದರಲ್ಲಿ ಮೊದಲ ಐವರೊಳಗೆ ಬಂದರೆ ಈ ವರ್ಷದ ಚಾಂಪಿಯನ್ ಅವಳೇ. ಕಾರಿಲ್ಲದೆ ಮನೆಯಲ್ಲಿ ಕೂತರೆ ಏನೂ ಇಲ್ಲ. ಇದು ನಿನಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಆ ಶನಿವಾರವನ್ನೇ ಆರಿಸಿದೆ. ಅವಳು ಕಾರನ್ನು ಮೆಟ್ಟಿಲ ಮುಂದೆ ತಂದು ನಿಲ್ಲಿಸಿ ಹೆಲ್ಮೆಟ್ ತೆಗೆಯುತ್ತಿದ್ದಾಳೆ, ಆಗ ಏಳನೆಯವನಾಗಿ ಬಂದ ಗೇಲನ್ ತನ್ನ ನೀಲಿ ನಿಯಾನ್ ಕಾರಿನಿಂದ ಇಳಿದು, ಎದೆಯ ಜೇಬಿನಿಂದ ಲಕೋಟೆ ತೆಗೆದು, ನಡೆದು ಬಂದ. "ಈ ಕಾರು ನಂಗೆ ಬೇಕು" ಎಂದ, ಮುಖ ಮಾತ್ರ ನೆಲಕ್ಕೆ. ಮೆರ್ಲ್ ಬಾವುಟವನ್ನು ಕಂಕುಳಲ್ಲಿ ಸಿಕ್ಕಿಸಿ ನೋಟು ಎಣಿಸಿದ. "ಏನಪ್ಪಾ ಗೇಲನ್, ಲಾಟರಿ ಹೊಡೀತಾ? ನಿನ್ನ ಹತ್ರ ಒಟ್ಟಿಗೆ ಇಷ್ಟು ನೋಟು ನಾನು ಕನಸಲ್ಲೂ ಕಂಡಿಲ್ಲ."

ವೆಂಡೆಲ್, ಇಲ್ಲಿ ನಿಧಾನವಾಗಿ ಓದು. ಟ್ರೂಡಿ ಅಳಲಿಲ್ಲ, ಜಗಳ ಮಾಡಲಿಲ್ಲ. ಸಂತೋಷಪಟ್ಟಳು. ನಮ್ಮ ಕಡೆ ಕಾರು ಕೇಳಿಸಿಕೊಳ್ಳುವುದು ಎಷ್ಟು ದೊಡ್ಡ ಮರ್ಯಾದೆ ಎಂದು ನಿನಗೆ ಗೊತ್ತು. ಮೂರು ವರ್ಷದಲ್ಲಿ ನಿನ್ನ ಹತ್ತಿರ ಯಾರೂ ಬರಲಿಲ್ಲ. ಅವಳು ಮೆಟ್ಟಿಲ ಕಡೆ ತಿರುಗಿ ನನ್ನನ್ನು ಹುಡುಕಿ, ಅಷ್ಟು ಜನರ ಮಧ್ಯೆ ಕೂಗಿದಳು: "ಅತ್ತೇ! ನನ್ನ ಕಾರನ್ನೂ ಕೇಳೋರು ಬಂದ್ರು ನೋಡಿ!" ಆ ಸಂತೋಷಕ್ಕೆ ಹಿಂದಿನಿಂದ ದುಡ್ಡು ಕೊಟ್ಟವನು ನೀನು. ಅದು ಗೊತ್ತಾದ ಮೇಲೆ ಆ ಕೂಗು ನನ್ನ ಕಿವಿಯಿಂದ ಹೋಗುತ್ತಲೇ ಇಲ್ಲ. ನೀನು ಮಾಡಿದ ಎಲ್ಲದಕ್ಕಿಂತ ನನಗೆ ಹೆಚ್ಚು ಉರಿಯುವುದು ಅದು.

ಆಮೇಲಿನದು ಮಾತ್ರ ನಗು ಬರುವಂಥದು. ಮೆರ್ಲ್ ದುಡ್ಡನ್ನು ಟ್ರೂಡಿಗೆ ಕೊಟ್ಟು, ಗೇಲನ್ ಕಡೆಗೆ ಕೈ ಚಾಚಿದ. "ಕೊಡು." "ಏನು ಕೊಡು? ಎಲ್ಲ ಕೊಟ್ನಲ್ಲ." "ನಿನ್ನ ಕಾರಿನ ಕೀ ಕೊಡು. ಈಗಿಂದ ನಿಯಾನ್ ಟ್ರೂಡೀದು." ಗೇಲನ್ ಬಾಯಿ ತೆರೆದದ್ದು ಮುಚ್ಚಲಿಲ್ಲ. "ಯಾವ ಬಡ್ಡಿಮಗ ಮಾಡ್ದ ಈ ರೂಲು?" ಎಂದು ಕಿರುಚಿದ. ಮೆರ್ಲ್ ಬಾವುಟ ಎತ್ತಿ ಮೆಟ್ಟಿಲ ಕಡೆ ತೋರಿಸಿದ: "ಅಗೋ ಅಲ್ಲಿ, ಕಂಬಳಿ ಹೊದ್ಕೊಂಡು ಕೂತಿದಾಳೆ. ಹೋಗಿ ಬೈದು ಬಾ." ಇಡೀ ಮೆಟ್ಟಿಲು ನಕ್ಕಿತು. ನಾನು ಎದ್ದು ಕೈ ಬೀಸಿದೆ. ಆಗ ನನಗೆ ಇದರಲ್ಲಿ ನಿನ್ನ ಕೈಯಿದೆ ಎಂದು ಗೊತ್ತಿರಲಿಲ್ಲ, ಗೊತ್ತಿದ್ದರೆ ಕಂಬಳಿ ಎಸೆದು ಕುಣಿದೇ ಬಿಡುತ್ತಿದ್ದೆ.

ಮಂಗಳವಾರ ಮಧ್ಯಾಹ್ನ ಗೇಲನ್ ತಾನಾಗಿ ನನ್ನ ಅಂಗಳಕ್ಕೆ ಬಂದ. ಕ್ಯಾವಲಿಯರನ್ನು ಹೊಲದ ದಾರಿಯಲ್ಲಿ ಓಡಿಸಿ ನೋಡಿದನಂತೆ, ತಿರುಗುವುದೇ ಇಲ್ಲವಂತೆ, ಮೂಗು ಜಾರಿ ಬೇಲಿಗೆ ಹೋಗುತ್ತದಂತೆ. "ಅರ್ಲಿಸಕ್ಕಾ, ಟ್ರೂಡಿ ಇದಕ್ಕೆ ಏನೋ ಮಾಟ ಮಾಡಿದಾಳೆ" ಎಂದ. ಗಾಳಿ ಎಷ್ಟು ಹಾಕಿದ್ದೀಯ ಎಂದೆ. "ಬಾಗ್ಲ ಹತ್ರ ಚೀಟಿ ಅಂಟ್ಸಿರ್ತಾರಲ್ಲ, ಅದರಲ್ಲಿ ಬರೆದ ಹಾಗೆ ನಾಲ್ಕಕ್ಕೂ ಒಂದೇ ಸಮ." ಟೈರೂ ಹೊಸದು ನಾಲ್ಕು ಹಾಕಿಸಿದ್ದಾನೆ, ಪುಣ್ಯಾತ್ಮ. ಆ ಬೆಳಿಗ್ಗೆಯಷ್ಟೇ ಪ್ಲಮ್ ಹೂರಣ ಹಾಕಿ ಕೊಲಾಚೆ ಬನ್ನು ಬೇಯಿಸಿದ್ದೆ, ತಟ್ಟೆ ಮುಂದಿಟ್ಟೆ. ಕೊಲಾಚೆ ಬಾಯಲ್ಲಿದ್ದರೆ ಗೇಲನ್‌ಗೆ ಗುಟ್ಟು ನಿಲ್ಲುವುದಿಲ್ಲ, ಅವನ ಅಪ್ಪನಿಗೂ ನಿಲ್ಲುತ್ತಿರಲಿಲ್ಲ. ಆ ಹಾಳು ಕಾರು ನಿನಗೇಕಪ್ಪ ಬೇಕಿತ್ತು ಎಂದು ಸುಮ್ಮನೆ ಕೇಳಿದೆ. ನಾಲ್ಕನೆಯದನ್ನು ಕೈಗೆತ್ತಿಕೊಂಡು, "ನಂಗೆಲ್ಲಿ ಬೇಕಿತ್ತಕ್ಕಾ, ವೆಂಡೆಲ್ ಹೇಳ್ದ, ದುಡ್ಡು ನಾನು ಕಳಿಸ್ತೀನಿ, ಕಾರು ನೀನಿಟ್ಕೋ, ಅವಳಿಗೆ ಮಾತ್ರ ವಾಪಸ್ ಮಾರ್ಬೇಡ ಅಂತ. ಮತ್ತೆ ಅವನೇ, ನಾನು ಮೂರು ವರ್ಷ ಹದ ಮಾಡಿದ ಕಾರು ಅದು, ತಾನಾಗೇ ಓಡುತ್ತೆ, ಅದಕ್ಕೇ ಅವಳು ಗೆಲ್ತಿರೋದು ಅಂದ" ಎಂದ. ಹೇಳಿದ ಮೇಲೆ ಅವನಿಗೇ ಗಾಬರಿಯಾಯಿತು. ಕೊಲಾಚೆ ತಟ್ಟೆಗಿಟ್ಟ. ಪರವಾಗಿಲ್ಲ ತಿನ್ನಪ್ಪ, ಈಗ ನೀನೊಬ್ಬನೇ ಇಲ್ಲಿ ನಿಜ ಹೇಳಿದವನು ಎಂದೆ. ತಿಂದ.

ಅವಳಿಗೆ ಏಟಾದೀತೆಂಬ ಭಯಕ್ಕೆ ಹೀಗೆ ಮಾಡಿದೆ ಎಂದೂ ಗೇಲನ್ ಹತ್ತಿರ ಹೇಳಿದ್ದೀಯಂತೆ. ಆ ಮಾತನ್ನು ಹೊರಗಿನವರಿಗೆ ಮಾರು, ನನಗೆ ಬೇಡ. ನಿನಗೆ ಭಯವಿದ್ದಿದ್ದರೆ ಅವಳು ಹನ್ನೊಂದನೆಯವಳಾಗಿ ಬಂದು ಬಾಗಿಲು ಜಜ್ಜಿಸಿಕೊಂಡ ದಿನ ಫೋನ್ ಮಾಡುತ್ತಿದ್ದೆ. ಆ ದಿನ ಸುದ್ದಿ ಕೇಳಿ ನೀನು ಗಟ್ಟಿಯಾಗಿ ನಕ್ಕೆ. ಗೆಲ್ಲಲು ಶುರುಮಾಡಿದ ಮೇಲೆ ಬಂದ ಭಯ ಅದು. ಅವಳು ಅದೇ ಕಾರಿನಲ್ಲಿ ಗೆದ್ದರೆ, ಮೂರು ವರ್ಷ ಸೋತದ್ದು ಕಾರಲ್ಲ ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಇದು ಅಷ್ಟೇ. ನೀನು ಒಳ್ಳೆಯ ಬೆಸುಗೆಗಾರ, ದುಡಿಯುತ್ತೀಯ, ತಿಂಗಳು ತಪ್ಪದೆ ಮನೆಗೆ ಹಣ ಕಳಿಸುತ್ತೀಯ, ಕುಡಿಯುವುದಿಲ್ಲ; ಇವೆಲ್ಲವನ್ನೂ ನಾನು ಜಮಾ ಬರೆದುಕೊಂಡಿದ್ದೇನೆ. ಕಾರು ಓಡಿಸಲು ನಿನಗೆ ಬರುವುದಿಲ್ಲ. ಬಾರದಿದ್ದರೆ ಪ್ರಪಂಚವೇನು ಮುಳುಗಿತು? ನನಗೆ ಹಾಡಲು ಬರುವುದಿಲ್ಲ, ಹಾಗೆಂದು ಚರ್ಚಿನಲ್ಲಿ ಹಾಡುವವರ ಬಾಯಿಗೆ ಬಟ್ಟೆ ತುರುಕಲು ಆಳು ಕಳಿಸಿದೆನೇ?

ಟ್ರೂಡಿಗೆ ನಾನು ಹೇಳಲಿಲ್ಲ. ಆ ಸಂಜೆ ಅವಳು ನಿಯಾನ್ ಕೆಳಗೆ ಮಲಗಿದ್ದಳು. ಆ ಕಾರಿನ ಸ್ಥಿತಿ ಏನೆಂದು ಬರೆಯಲಿ, ಗಾಳಿ ಶೋಧಕದ ಡಬ್ಬಿಯಲ್ಲಿ ಇಲಿ ಗೂಡು ಕಟ್ಟಿತ್ತು, ಒಳಗೆ ಜೋಳದ ಕಾಳು. ಎಂಜಿನ್ ಉಸಿರು ಕಟ್ಟಿಕೊಂಡೇ ಏಳನೆಯ ಸ್ಥಾನಕ್ಕೆ ಬಂದದ್ದು ದೊಡ್ಡ ಮಾತು. ದಿನಾ ಮಕ್ಕಳನ್ನು ಮನೆಗೆ ಬಿಟ್ಟು ಬಂದು ಕತ್ತಲಾಗುವವರೆಗೆ ಕೆಲಸ. ಡಬ್ಬಿ ತೊಳೆದು ಒಣಗಿಸಿದೆವು, ಪ್ಲಗ್ಗು ಬದಲಾಯಿಸಿದೆವು, ಏಸಿಗೆ ಹೋಗುವ ಬೆಲ್ಟು ಕಿತ್ತೆವು, ತಳಕ್ಕೆ ಮೆತ್ತಿದ್ದ ವರ್ಷಗಟ್ಟಲೆಯ ಮಣ್ಣನ್ನು ಕೆರೆದು ತೂಗಿದರೆ ಮೂವತ್ತೊಂದು ಪೌಂಡು. ಅಷ್ಟು ಹೊಲವನ್ನು ಗೇಲನ್ ಸುಮ್ಮನೆ ಹೊತ್ತು ತಿರುಗುತ್ತಿದ್ದ. ಬಲ ಮುಂಚಕ್ರ ಒರಗಿಸಲು ಹೋದರೆ ಬೋಲ್ಟು ತುಕ್ಕು ಹಿಡಿದು ಅಲ್ಲಾಡಲಿಲ್ಲ. ಟ್ರೂಡಿ ಸ್ಪ್ಯಾನರಿಗೆ ಪೈಪು ತೊಡಿಸಿ ಅದರ ಮೇಲೆ ಹತ್ತಿ ನಿಂತು ಕುಣಿದಳು. ಬೋಲ್ಟು ಸಡಿಲವಾದಾಗ ಇಬ್ಬರೂ ಕಿರುಚಿದ ಸದ್ದಿಗೆ ನಾಯಿ ಓಡಿಹೋಯಿತು. ಮತ್ತೆ ಟೇಪು ಹಿಡಿದು ಟೈರು ಅಳತೆ, ಮತ್ತೆ ಗಾಳಿ. ಮಧ್ಯೆ ಅವಳು, "ವೆಂಡೆಲ್‌ಗೆ ಫೋನ್ ಮಾಡ್ಲಾ ಅತ್ತೆ, ಈ ನಿಯಾನ್ ಗೇರಿನ ವಿಷ್ಯ ಅವನಿಗೆ ಗೊತ್ತಿರುತ್ತೆ" ಎಂದಳು. ನಾನು ತಲೆ ಎತ್ತಲಿಲ್ಲ. ಬೇಡ, ಅವನಿಗೆ ಕೆಲಸ ಇರುತ್ತದೆ ಎಂದೆ. ನಿನಗೋಸ್ಕರ ನಾನು ಆಡಿದ ಕೊನೆಯ ಸುಳ್ಳು ಅದು.

ನಿನ್ನೆಯ ಓಟ ಹೀಗಾಯಿತು. ಹದಿನೈದು ಸುತ್ತು, ಹತ್ತೊಂಬತ್ತು ಕಾರು. ಅಂಕ ಹೆಚ್ಚಿದ್ದವರು ಹಿಂದೆ ನಿಲ್ಲಬೇಕಾದ್ದರಿಂದ ಟ್ರೂಡಿ ಕೊನೆಯ ಸಾಲು. ಗೇಲನ್ ನಿನ್ನ ದುಡ್ಡಿನ ಕ್ಯಾವಲಿಯರಿನಲ್ಲಿ ಎರಡನೆಯ ಸಾಲು. ಶುರುವಾದ ಕೂಡಲೇ ಗೇಲನ್ ಮುಂದೆ ಹೋದ, ಹೊಸ ಟೈರಿನ ಜೋರಿಗೆ ನಾಲ್ಕು ಸುತ್ತು ಮುಂದೆಯೇ ಇದ್ದ. ಆಮೇಲೆ ಟ್ರ್ಯಾಕು ಒಣಗಿ ನುಣುಪಾಯಿತು. ಪ್ರತಿ ತಿರುವಿನಲ್ಲೂ ಬ್ರೇಕು, ಪ್ರತಿ ತಿರುವಿನಲ್ಲೂ ಮೂಗು ಒಂದು ಮೊಳ ಹೊರಕ್ಕೆ. ನಿನ್ನನ್ನೇ ನೋಡಿದ ಹಾಗಾಯಿತು. ಒಬ್ಬೊಬ್ಬರೇ ಅವನ ಒಳಬದಿಯಿಂದ ನುಗ್ಗಿ ಹೋದರು. ಟ್ರೂಡಿ ಆತುರಪಡಲಿಲ್ಲ, ನಿಯಾನ್‌ಗೆ ಎಂಜಿನ್ ಬಲ ಕಡಿಮೆ ಎಂದು ಅವಳಿಗೆ ಗೊತ್ತಿತ್ತು. ಕಾಲು ಬೇಗ ತೆಗೆದು, ಒಳಗಿನ ಅಂಚು ಹಿಡಿದು, ಯಾರಿಗೂ ತಾಗದೆ ಹತ್ತಾದಳು, ಎಂಟಾದಳು, ಕೊನೆಯ ಸುತ್ತಿಗೆ ಆರು. ಐದನೆಯವನು ಗೇಲನ್. ಕೊನೆಯ ತಿರುವಿನಲ್ಲಿ ಅವನು ಹೊರಗೋಡೆಗೆ ಜಾರಿದ, ಒಳಗೆ ಒಂದು ಕಾರಿನಷ್ಟು ಜಾಗ ಬಿತ್ತು, ಇವಳು ಬ್ರೇಕು ಮುಟ್ಟದೆ ಅದರೊಳಗೆ ಹೋದಳು. ಗೆರೆ ದಾಟುವಾಗ ಅರ್ಧ ಕಾರಿನ ಅಂತರ. ಐದನೆಯ ಸ್ಥಾನ. ಸಾಕಾಯಿತು. ಚಾಂಪಿಯನ್.

ಮೆಟ್ಟಿಲು ಇಳಿಯುವಾಗ ನನ್ನ ಮಂಡಿ ನೋಯಲೇ ಇಲ್ಲ. ಟ್ರೂಡಿ ಕಾರಿನಿಂದ ಹೊರಬರದೆ ಸ್ಟಿಯರಿಂಗಿಗೆ ಹಣೆಯಿಟ್ಟು ಕೂತಿದ್ದಳು. ಗೇಲನ್ ಬಂದು ಕಿಟಕಿಯಲ್ಲಿ ತಲೆ ಹಾಕಿ, "ನನ್ನ ಕಾರು ಹೀಗೂ ಓಡುತ್ತೇನಮ್ಮಾ?" ಎಂದ. ಅವಳು ನಕ್ಕಳು. ಆಮೇಲೆ ಅವನು ನನ್ನನ್ನು ಪಕ್ಕಕ್ಕೆ ಕರೆದು ಇನ್ನೊಂದು ಮಾತು ಹೇಳಿದ: ಓಟ ಮುಗಿದ ಹತ್ತೇ ನಿಮಿಷಕ್ಕೆ ನೀನು ಅವನಿಗೆ ಫೋನ್ ಮಾಡಿ ಯಾರು ಗೆದ್ದರು ಎಂದು ಕೇಳಿದೆಯಂತೆ. ಅಂದರೆ ನಿನ್ನ ಫೋನು ಕೆಟ್ಟಿಲ್ಲ. ಹೆಂಡತಿ ಚಾಂಪಿಯನ್ ಆದ ದಿನ ಗೇಲನ್ ಸ್ಟಾನೆಕ್‌ಗೆ ಫೋನ್ ಮಾಡಿದೆ. ಅವಳು ಮನೆಗೆ ಬಂದು ಸ್ನಾನ ಮಾಡಿ, ಫೋನನ್ನು ಊಟದ ತಟ್ಟೆಯ ಪಕ್ಕದಲ್ಲಿ ಇಟ್ಟುಕೊಂಡು ಉಂಡಳು. ಉಂಡು ಮುಗಿಸಿ ಅದನ್ನು ಜೇಬಿಗೆ ಹಾಕಿಕೊಂಡಳು. ನಾನು ಪಾತ್ರೆ ತೊಳೆಯುತ್ತ ನೋಡಿದೆ.

ಈಗ ನಾನು ಹೇಳುವುದನ್ನು ಮಾಡು. ಈ ಕಾಗದ ತಲುಪಿದ ದಿನವೇ ಅವಳಿಗೆ ಫೋನ್ ಮಾಡಿ ನಿನ್ನ ಬಾಯಿಂದಲೇ ಎಲ್ಲ ಹೇಳು. ಭಯ ಗಿಯ ಎಂದು ಸುತ್ತಿ ಬಳಸಬೇಡ, ಹೊಟ್ಟೆಕಿಚ್ಚು ಎಂದು ಅಚ್ಚ ಮಾತಿನಲ್ಲಿ ಹೇಳು. ಅಲ್ಲಿಯವರೆಗೆ ನಾನು ಬಾಯಿ ಬಿಡುವುದಿಲ್ಲ, ನನಗೆ ಎಷ್ಟು ಕಷ್ಟವೆಂದು ನಿನಗೆ ಗೊತ್ತಿದೆ. ದೇವರು ನಿನ್ನ ಸೊಂಟ ಕಾಪಾಡಲಿ. ಬುದ್ಧಿಯ ವಿಷಯದಲ್ಲಿ ಅವನ ಕೈಯಲ್ಲೂ ಆಗುವಷ್ಟೇ ಆಗುವುದು, ಉಳಿದದ್ದು ನಿನ್ನದು. ಕ್ಯಾಂಪಿನ ಅಡಿಗೆಯವನಿಗೆ ನನ್ನ ನಮಸ್ಕಾರ ಹೇಳು, ನಿನ್ನನ್ನು ಸಹಿಸಿಕೊಂಡಿದ್ದಾನಲ್ಲ.

ನಿನ್ನನ್ನು ಹೆತ್ತವಳು, ಇನ್ನೂ ಸಿಟ್ಟಿನಲ್ಲಿರುವ,
ಅರ್ಲಿಸ್

ತಾ. ಕ.: ಆತುರದಲ್ಲಿ ಬರೆಯುತ್ತಿದ್ದೇನೆ, ಅಂಚೆಯ ವಿಳಾಸ ಹುಡುಕಲು ಒಳಗೆ ಹೋಗಿದ್ದೆ, ಬರುವಷ್ಟರಲ್ಲಿ ಟ್ರೂಡಿ ಅಡಿಗೆಮನೆಯ ಮೇಜಿನ ಹತ್ತಿರ ನಿಂತು ಈ ಹಾಳೆಗಳನ್ನು ಓದುತ್ತಿದ್ದಳು. ಕೊನೆಯವರೆಗೂ ಓದಿದಳು. ನಾನು ಏನೋ ಹೇಳಹೋದೆ, ಕೈ ಎತ್ತಿ ತಡೆದಳು. ನಲ್ಲಿಯಲ್ಲಿ ಬಹಳ ಹೊತ್ತು ಕೈ ತೊಳೆದಳು, ಕೈ ಕೊಳೆಯಾಗಿರಲಿಲ್ಲ. ಆಮೇಲೆ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ: "ದುಡ್ಡು ಅವನದು ಅಂದ್ಮೇಲೆ ಕ್ಯಾವಲಿಯರೂ ಅವನದೇ, ಅತ್ತೆ. ಗೇಲನ್ ಹತ್ರ ಇಸ್ಕೊಳ್ಳಲಿ. ಏಪ್ರಿಲ್ ಮೊದಲನೇ ಶನಿವಾರ ಟ್ರ್ಯಾಕ್ ತೆರೆಯುತ್ತೆ, ಬಂದು ಅದನ್ನ ಓಡಿಸ್ಲಿ, ನಾನು ನಿಯಾನ್ ತರ್ತೀನಿ. ಹದಿನೈದು ಸುತ್ತು ಮುಗಿದ್ಮೇಲೆ ಮಾತಾಡೋಣ, ಅಲ್ಲೀವರೆಗೆ ಫೋನ್ ಬೇಡ ಅಂತ ಬರೀರಿ." ಬರೆದಿದ್ದೇನೆ. ಇನ್ನು ನೀನು ಹೇಳಿಕೊಳ್ಳಬೇಕಾದ ಕೆಲಸ ಉಳಿದಿಲ್ಲ, ಬರುವ ಕೆಲಸ ಉಳಿದಿದೆ. ಯಾರಿಗೆ ಏನು ಸಿಕ್ಕಿತೆಂದು ಬರೆದು ಮುಗಿಸುತ್ತೇನೆ. ಗೇಲನ್‌ಗೆ: ನೂರು ಡಾಲರ್ ಮತ್ತು ಒಂದು ತಟ್ಟೆ ಕೊಲಾಚೆ. ಮೆರ್ಲ್‌ಗೆ: ಚಳಿಗಾಲವಿಡೀ ಹೇಳಲು ಒಂದು ಕಥೆ. ನನಗೆ: ಮೂವತ್ತೊಂದು ಪೌಂಡು ಮಣ್ಣು, ಟೊಮೆಟೊ ಪಾತಿಗೆ ಹಾಕಿದೆ. ಟ್ರೂಡಿಗೆ: ಏಳುನೂರು ಡಾಲರ್, ನೀಲಿ ನಿಯಾನ್, ಚಾಂಪಿಯನ್ ಪಟ್ಟ. ನಿನಗೆ: ಕ್ಯಾವಲಿಯರ್.